ಮೊದಲು ಕಿವಿ, ಆಮೇಲೆ ಬಾಯಿ: ರಿಪೀಟರ್ ಪ್ರಶ್ನೋತ್ತರ

ಈ ಸಲದ ಟಪಾಲಿನಲ್ಲಿ ರಿಪೀಟರಿನದ್ದೇ ಕಾರುಬಾರು. ಸ್ವಂತ ಬಳಕೆಗೆಂದು, ಮನೆಮಂದಿಯ ಅಥವಾ ಗೆಳೆಯರ ಗುಂಪಿನ ಮಾತುಕತೆಗೆಂದು ರೇಡಿಯೊ ಜೋಡಿಸಿಕೊಳ್ಳುವವರು ಇಷ್ಟು ಜನ ಇದ್ದಾರೆ ಎಂದು ನಾನು ಎಣಿಸಿರಲಿಲ್ಲ. ಹೊಸಬರಿಗಾಗಿ ಒಂದು ಸಾಲು: ಎತ್ತರದ ಜಾಗದಲ್ಲಿ ಕುಳಿತು, ಒಂದು ಫ್ರೀಕ್ವೆನ್ಸಿಯಲ್ಲಿ ಕೇಳಿಸಿಕೊಂಡದ್ದನ್ನು ಅದೇ ಗಳಿಗೆಯಲ್ಲಿ ಇನ್ನೊಂದು ಫ್ರೀಕ್ವೆನ್ಸಿಯಲ್ಲಿ ಜೋರಾಗಿ ಹೇಳುವ ಯಂತ್ರವೇ ರಿಪೀಟರ್. ಕಾಗದ ಬರೆದವರಲ್ಲಿ ಹೆಚ್ಚಿನವರು ‘ಎಷ್ಟು ವ್ಯಾಟ್ ಹಾಕಲಿ?’ ಎಂದು ಕೇಳಿದ್ದಾರೆ. ‘ನನ್ನ ರಿಪೀಟರಿಗೆ ಎಷ್ಟು ಕೇಳಿಸುತ್ತಿದೆ?’ ಎಂದು ಕೇಳಿದವರು ಒಬ್ಬರೂ ಇಲ್ಲ. ಉತ್ತರಗಳಲ್ಲಿ ಅಲ್ಲಲ್ಲಿ ಸಿಡುಕು ಕಂಡರೆ ಕಾರಣ ಅದೇ.

ಪ್ರಶ್ನೆ: ಹೊಸ ವಾಕಿಟಾಕಿ ಕೊಂಡಿದ್ದೇನೆ. ರಿಪೀಟರಿನಲ್ಲಿ ಬೇರೆಯವರು ಮಾತನಾಡುವುದು ಗಂಟೆ ಬಾರಿಸಿದಂತೆ ಕೇಳಿಸುತ್ತದೆ. ನಾನು ಗುಂಡಿ ಒತ್ತಿ ಮಾತನಾಡಿದರೆ ಮಾತ್ರ ಯಾರೂ ಉತ್ತರಿಸುವುದಿಲ್ಲ. ರೇಡಿಯೊ ಕೆಟ್ಟಿದೆಯೇ?

ಉತ್ತರ: ಕೆಟ್ಟಿಲ್ಲ. ನೀವು ರಿಪೀಟರಿನ ಬಾಯಿಯನ್ನು ಕೇಳುತ್ತಿದ್ದೀರಿ, ಅದರ ಕಿವಿ ಎಲ್ಲಿದೆ ಎಂದು ನಿಮ್ಮ ರೇಡಿಯೊಗೆ ಇನ್ನೂ ಹೇಳಿಲ್ಲ. ರಿಪೀಟರ್ 145.700 ಮೆಗಾಹರ್ಟ್ಸ್‌ನಲ್ಲಿ ಹೇಳುತ್ತದೆ ಎಂದಿಟ್ಟುಕೊಳ್ಳಿ. ಎರಡು ಮೀಟರ್ ಬ್ಯಾಂಡಿನ, ಅಂದರೆ 145ರ ಆಸುಪಾಸಿನ ವಿಎಚ್‌ಎಫ್ ಫ್ರೀಕ್ವೆನ್ಸಿಗಳ, ವಾಡಿಕೆಯಂತೆ ಅದು 600 ಕಿಲೊಹರ್ಟ್ಸ್ ಕೆಳಗೆ, 145.100ರಲ್ಲಿ, ಕೇಳಿಸಿಕೊಳ್ಳುತ್ತದೆ. ಈ ಅಂತರವೇ ಆಫ್‌ಸೆಟ್. ಯುಎಚ್‌ಎಫ್‌ನಲ್ಲಿ (450ರ ಆಸುಪಾಸು) ಹಲವು ಕಡೆ ಇದು 5 ಮೆಗಾಹರ್ಟ್ಸ್. ಮೇಲೋ ಕೆಳಗೋ ಎಂಬುದು ಆಯಾ ಕಡೆಯ ವ್ಯವಸ್ಥೆ. ಮೆನುವಿನಲ್ಲಿ ಆಫ್‌ಸೆಟ್‌ನ ಅಳತೆ ಒಂದು ಕಡೆ, ದಿಕ್ಕು ಇನ್ನೊಂದು ಕಡೆ ಇರುತ್ತದೆ. ಅಳತೆ ತುಂಬಿ ದಿಕ್ಕನ್ನು ಸೊನ್ನೆಯಲ್ಲೇ ಬಿಟ್ಟವರನ್ನು ಬೇಕಾದಷ್ಟು ನೋಡಿದ್ದೇನೆ.

ಪರೀಕ್ಷೆ ಸುಲಭ. ಮಾತನಾಡುವ ಗುಂಡಿಯನ್ನು, ಅಂದರೆ ಪಿಟಿಟಿಯನ್ನು, ಒತ್ತಿ ಹಿಡಿದು ಪರದೆಯನ್ನು ನೋಡಿ. 145.700 ಇದ್ದದ್ದು 145.100ಕ್ಕೆ ಜಿಗಿಯಬೇಕು. ಜಿಗಿಯದಿದ್ದರೆ ಆಫ್‌ಸೆಟ್ ಕುಳಿತಿಲ್ಲ. ಇನ್ನೊಂದು ಕಿರಿಕಿರಿ: ಅಗ್ಗದ ಕೆಲವು ಸೆಟ್‌ಗಳಲ್ಲಿ ಕೀಲಿಗಳಿಂದ ಚಾನೆಲ್ ಉಳಿಸುವಾಗ ಕೇಳುವ ಫ್ರೀಕ್ವೆನ್ಸಿಯನ್ನು ಒಮ್ಮೆ, ಹೇಳುವ ಫ್ರೀಕ್ವೆನ್ಸಿಯನ್ನು ಮತ್ತೊಮ್ಮೆ ಅದೇ ಚಾನೆಲ್ ಸಂಖ್ಯೆಗೆ ಉಳಿಸಬೇಕು. ಒಮ್ಮೆ ಮಾತ್ರ ಉಳಿಸಿದರೆ ಚಾನೆಲ್ ಅರೆಬರೆಯಾಗಿ ಉಳಿಯುತ್ತದೆ. ಕಂಪ್ಯೂಟರ್ ಇದ್ದರೆ ‘ಚಿರ್ಪ್’ ಎಂಬ ಉಚಿತ ತಂತ್ರಾಂಶದಲ್ಲಿ ಕೋಷ್ಟಕದಂತೆ ತುಂಬಿ. ಕಣ್ಣೆದುರು ಎಲ್ಲವೂ ಒಂದೇ ಸಾಲಿನಲ್ಲಿ ಇರುತ್ತದೆ, ತಪ್ಪು ತಾನಾಗಿ ಕಾಣುತ್ತದೆ.

ಆಫ್‌ಸೆಟ್ ಸರಿ ಇದ್ದೂ ಬಾಗಿಲು ತೆರೆಯದಿದ್ದರೆ ಟೋನ್ ನೋಡಿ. ಬಹುತೇಕ ರಿಪೀಟರುಗಳು ಸಿಟಿಸಿಎಸ್‌ಎಸ್ ಎಂಬ ಸಣ್ಣ ಸ್ವರವೊಂದು ಮಾತಿನ ಅಡಿಯಲ್ಲಿ ಹರಿದು ಬಂದರೆ ಮಾತ್ರ ಎಚ್ಚರಗೊಳ್ಳುತ್ತವೆ. ಈ ಸ್ವರಗಳು 67ರಿಂದ 254.1 ಹರ್ಟ್ಸ್‌ವರೆಗಿನವು. 300ರ ಕೆಳಗಿನದನ್ನು ರೇಡಿಯೊ ಸೋಸಿಬಿಡುವುದರಿಂದ ನಿಮ್ಮ ಕಿವಿಗೆ ಬೀಳುವುದಿಲ್ಲ. 88.5 ಬೇಕಾದ ಕಡೆ 85.4 ಕೊಟ್ಟರೆ ರಿಪೀಟರ್ ಕಲ್ಲಿನಂತೆ ಕುಳಿತಿರುತ್ತದೆ.

ಒಂದು ಎಚ್ಚರ. ಟೋನ್‌ಗೆ ಎರಡು ಖಾನೆಗಳಿವೆ: ಕಳುಹಿಸುವುದು, ಕೇಳುವುದು. ಮೊದಮೊದಲು ಕಳುಹಿಸುವ ಖಾನೆಯನ್ನು ಮಾತ್ರ ತುಂಬಿ, ಕೇಳುವ ಖಾನೆಯನ್ನು ಖಾಲಿ ಬಿಡಿ. ಕೆಲವು ರಿಪೀಟರುಗಳು ಟೋನ್ ಕೇಳುತ್ತವೆ, ತಾವು ಹೊರಡಿಸುವುದಿಲ್ಲ. ಅಂಥ ಕಡೆ ಕೇಳುವ ಖಾನೆಯಲ್ಲೂ ಟೋನ್ ತುಂಬಿದರೆ ರೇಡಿಯೊ ಪೂರ್ತಿ ಮೌನ. ಈಗ ಕೇಳಿಸುತ್ತಿದ್ದದ್ದೂ ಹೋಯಿತೆಂದು ನೀವು ನನಗೆ ಇನ್ನೊಂದು ಕಾಗದ ಬರೆಯುತ್ತೀರಿ.

ಎಲ್ಲ ಸರಿಯಾದ ಮೇಲೆ ಗುಂಡಿ ಒತ್ತಿ, ಅರ್ಧ ಸೆಕೆಂಡು ತಡೆದು, ನಿಮ್ಮ ಕರೆಸಂಕೇತ ಹೇಳಿ, ಗುಂಡಿ ಬಿಡಿ. ಒಂದೆರಡು ಸೆಕೆಂಡು ರಿಪೀಟರಿನ ಬಾಲ, ಮಾತಿಲ್ಲದ ಅದರ ಅಲೆ, ಕೇಳಿಸಿದರೆ ನೀವು ಒಳಗೆ ಹೋಗಿದ್ದೀರಿ. ಆ ಅರ್ಧ ಸೆಕೆಂಡನ್ನು ಅಭ್ಯಾಸ ಮಾಡಿಕೊಳ್ಳಿ. ಟೋನ್ ಗುರುತಿಸಲು ರಿಪೀಟರಿಗೆ ಸ್ವಲ್ಪ ಹೊತ್ತು ಬೇಕು. ಒತ್ತಿದ ತಕ್ಷಣ ಬಾಯಿ ತೆರೆದರೆ ಮೊದಲ ಪದ ನುಂಗಿಹೋಗುತ್ತದೆ.

ಪ್ರಶ್ನೆ: ಮೇಜಿನ ಮೇಲೆ ಎರಡು ವಾಕಿಟಾಕಿ ಇಟ್ಟು ಪರೀಕ್ಷಿಸಿದೆ. ಒಂದರಲ್ಲಿ ಮಾತನಾಡಿದರೆ ರಿಪೀಟರ್ ಮೂಲಕ ಇನ್ನೊಂದರಲ್ಲಿ ಕೇಳಿಸಬೇಕು. ಬರಿಯ ನಿಶ್ಶಬ್ದ. ಆದರೆ ದೂರದ ಗೆಳೆಯರು ‘ಚೆನ್ನಾಗಿ ಕೇಳಿಸುತ್ತಿದೆ’ ಎನ್ನುತ್ತಾರೆ.

ಉತ್ತರ: ಗೆಳೆಯರು ಹೇಳುವುದು ನಿಜ, ನಿಮ್ಮ ಮೇಜು ಹೇಳುವುದು ಸುಳ್ಳು. ವಾಕಿಟಾಕಿಯ ರಿಸೀವರಿಗೆ ಕಾಲು ಮೈಕ್ರೊವೋಲ್ಟ್ ಸಾಕು. ಅದು ಒಂದು ಮಿಲಿವ್ಯಾಟ್‌ನ ಹೆಚ್ಚುಕಡಿಮೆ ಲಕ್ಷ ಕೋಟಿಯಲ್ಲಿ ಒಂದು ಪಾಲು. ಪಕ್ಕದಲ್ಲೇ 5 ವ್ಯಾಟ್‌ನ ಸೆಟ್ ಕೂಗುತ್ತಿದ್ದರೆ ಅದರ ಆಂಟೆನಾಕ್ಕೆ ಮಿಲಿವ್ಯಾಟ್‌ಗಳ ಲೆಕ್ಕದಲ್ಲಿ ಶಕ್ತಿ ನುಗ್ಗುತ್ತದೆ. ಫ್ರೀಕ್ವೆನ್ಸಿ ಬೇರೆಯಾದರೇನು, ಮುಂಭಾಗದ ಸರ್ಕ್ಯೂಟ್ ಕುಸಿದು ಕುಳಿತಿರುತ್ತದೆ. ಒಂದೇ ಚಿಪ್ಪಿನ ಮೇಲೆ ಇಡೀ ರೇಡಿಯೊ ಕಟ್ಟಿದ ಅಗ್ಗದ ಸೆಟ್‌ಗಳಲ್ಲಂತೂ ತಡೆಯುವ ಫಿಲ್ಟರ್ ನೆಪಮಾತ್ರ. ಹತ್ತಿರದ ಜೋರಿಗೆ ರಿಸೀವರ್ ಹೀಗೆ ಕಿವುಡಾಗುವುದಕ್ಕೆ ಡಿಸೆನ್ಸ್ ಎನ್ನುತ್ತಾರೆ. ಈ ಪದವನ್ನು ನೆನಪಿಟ್ಟುಕೊಳ್ಳಿ, ಮುಂದಿನ ಉತ್ತರಗಳಲ್ಲಿ ಮತ್ತೆ ಮತ್ತೆ ಬರುತ್ತದೆ.

ಮಾತನಾಡುವ ಸೆಟ್ಟಿನ ಶಕ್ತಿಯನ್ನು ಕಡಿಮೆಗೆ ಇಳಿಸಿ. ಕೇಳುವ ಸೆಟ್ಟನ್ನು ಮನೆಯ ಆಚೆ ತುದಿಗೆ, ಸಾಧ್ಯವಾದರೆ ಅಂಗಳಕ್ಕೆ ಒಯ್ಯಿರಿ. ಗೋಡೆಗಳು ನಡುವೆ ಬರಲಿ. ಆಗಲೂ ಕೇಳಿಸದಿದ್ದರೆ ನೋಡೋಣ.

ಪ್ರಶ್ನೆ: ನನ್ನದೇ ಸಣ್ಣ ರಿಪೀಟರ್ ಕಟ್ಟಬೇಕೆಂದಿದ್ದೇನೆ. ವಾಹನದಲ್ಲಿ ಬಳಸುವ 50 ವ್ಯಾಟ್‌ನ ಎರಡು ರೇಡಿಯೊಗಳಿವೆ, ಎತ್ತರದ ಜಾಗವೂ ಇದೆ. ಒಂದೇ ಆಂಟೆನಾದಲ್ಲಿ ಹೇಳುವುದನ್ನೂ ಕೇಳುವುದನ್ನೂ ಬೇರ್ಪಡಿಸುವ ಡ್ಯುಪ್ಲೆಕ್ಸರ್ ಬೇಕೇ ಬೇಕೆ? ಎರಡು ಆಂಟೆನಾ ಹಾಕಿದರೆ ಆಗದೆ? ವಿಎಚ್‌ಎಫ್ ಒಳ್ಳೆಯದೋ ಯುಎಚ್‌ಎಫ್ ಒಳ್ಳೆಯದೋ?

ಉತ್ತರ: ನಿಮ್ಮ ಕಾಗದದಲ್ಲಿ ಮೂರು ಪ್ರಶ್ನೆಗಳಿವೆ, ಮೂರಕ್ಕೂ ಬೇರು ಒಂದೇ ಲೆಕ್ಕ. 50 ವ್ಯಾಟ್ ಎಂದರೆ +47 ಡಿಬಿಎಂ, ಅಂದರೆ ಒಂದು ಮಿಲಿವ್ಯಾಟ್‌ಗಿಂತ 47 ಡೆಸಿಬೆಲ್ ಮೇಲೆ (ಪ್ರತಿ 10 ಡೆಸಿಬೆಲ್‌ಗೆ ಶಕ್ತಿ ಹತ್ತು ಪಟ್ಟು). ರಿಸೀವರ್ ಕೇಳಬೇಕಾದ ದುರ್ಬಲ ಸಂಕೇತ, ಅದೇ ಕಾಲು ಮೈಕ್ರೊವೋಲ್ಟ್, −119 ಡಿಬಿಎಂ. ನಡುವಿನ ಅಂತರ 166 ಡೆಸಿಬೆಲ್. ಈ ಎರಡೂ ಒಂದೇ ಪೆಟ್ಟಿಗೆಯಲ್ಲಿ, ಒಂದೇ ಕ್ಷಣದಲ್ಲಿ, ಹಲವು ವೇಳೆ ಒಂದೇ ಆಂಟೆನಾದಲ್ಲಿ ಬಾಳಬೇಕು. ಪುಣ್ಯಕ್ಕೆ ಫ್ರೀಕ್ವೆನ್ಸಿ ಬೇರೆ ಬೇರೆ ಇರುವುದರಿಂದ ರಿಸೀವರ್ ತಾನೇ ಒಂದಷ್ಟು ತಡೆದುಕೊಳ್ಳುತ್ತದೆ. ಉಳಿದದ್ದನ್ನು ನೀವು ಒದಗಿಸಬೇಕು.

ಕೆಡುಕು ಎರಡು ಬಗೆಯದು. ಒಂದು, ಟ್ರಾನ್ಸ್‌ಮಿಟರಿನ ಭಾರೀ ಅಲೆ ರಿಸೀವರಿನ ಮುಂಭಾಗವನ್ನು ಕುರುಡಾಗಿಸುವುದು. ಇನ್ನೊಂದು ಹೆಚ್ಚಿನವರಿಗೆ ಹೊಳೆಯದ್ದು: ಯಾವ ಟ್ರಾನ್ಸ್‌ಮಿಟರೂ ತನ್ನ ಫ್ರೀಕ್ವೆನ್ಸಿಯಲ್ಲಷ್ಟೇ ನಿಲ್ಲುವುದಿಲ್ಲ, ಅಕ್ಕಪಕ್ಕದಲ್ಲೂ ಸಣ್ಣಗೆ ಗದ್ದಲ ಚೆಲ್ಲುತ್ತದೆ. ಆ ಗದ್ದಲ ನೇರವಾಗಿ ನೀವು ಕೇಳುವ ಫ್ರೀಕ್ವೆನ್ಸಿಯ ಮೇಲೆಯೇ ಬಿದ್ದಿರುತ್ತದೆ. ಅದನ್ನು ರಿಸೀವರಿನ ಯಾವ ಫಿಲ್ಟರೂ ಬೇರ್ಪಡಿಸಲಾರದು. ಟ್ರಾನ್ಸ್‌ಮಿಟರಿನ ಬಾಯಲ್ಲೇ ಹಿಡಿಯಬೇಕು. ಡ್ಯುಪ್ಲೆಕ್ಸರಿಗೆ ಎರಡು ಕೈ ಇರುವುದು ಇದಕ್ಕೇ: ಕೇಳುವ ಬದಿಯಲ್ಲಿ ಹೇಳುವ ಫ್ರೀಕ್ವೆನ್ಸಿಯನ್ನು ಅದುಮುತ್ತದೆ, ಹೇಳುವ ಬದಿಯಲ್ಲಿ ಕೇಳುವ ಫ್ರೀಕ್ವೆನ್ಸಿಯ ಗದ್ದಲವನ್ನು ಅದುಮುತ್ತದೆ.

ಈಗ ನಿಮ್ಮ ಆಯ್ಕೆ ಸುಲಭವಾಯಿತು. 145ರಲ್ಲಿ 600 ಕಿಲೊಹರ್ಟ್ಸ್ ಅಂತರವೆಂದರೆ ಅರ್ಧ ಶೇಕಡಕ್ಕೂ ಕಡಿಮೆ. ಅಷ್ಟು ಹತ್ತಿರದ ಎರಡನ್ನು ಬೇರ್ಪಡಿಸಲು ಕ್ಯಾವಿಟಿ ಎಂಬ ದೊಡ್ಡ ದೊಡ್ಡ ಫಿಲ್ಟರ್ ಡಬ್ಬಗಳ ಸಾಲೇ ಬೇಕು. ಯುಎಚ್‌ಎಫ್‌ನಲ್ಲಿ 5 ಮೆಗಾಹರ್ಟ್ಸ್ ಅಂತರ ಶೇಕಡ ಒಂದಕ್ಕಿಂತ ಹೆಚ್ಚು. ಪುಸ್ತಕದಷ್ಟು ದೊಡ್ಡ ಚಪ್ಪಟೆ ಡ್ಯುಪ್ಲೆಕ್ಸರ್ ಕೆಲಸ ಮಾಡುತ್ತದೆ. ಮೊದಲ ರಿಪೀಟರ್ ಕಟ್ಟುವವರು ಯುಎಚ್‌ಎಫ್‌ಗೇ ಹೋಗಲಿ ಎಂಬುದು ನನ್ನ ಹಟ.

ಎರಡು ಆಂಟೆನಾ ಹಾಕಬಹುದು. ಅಕ್ಕಪಕ್ಕ ಅಲ್ಲ, ಒಂದೇ ಕಂಬದಲ್ಲಿ ಒಂದರ ನೆತ್ತಿಯ ಮೇಲೆ ಇನ್ನೊಂದು. ನೆಟ್ಟಗೆ ನಿಂತ ಆಂಟೆನಾ ಸುತ್ತಲೂ ಹೇಳುತ್ತದೆ, ತನ್ನ ತುದಿಯ ದಿಕ್ಕಿಗೆ ಬಹಳ ಕಡಿಮೆ ಹೇಳುತ್ತದೆ. ಹಾಗಾಗಿ ಅಷ್ಟೇ ಅಂತರವನ್ನು ಲಂಬವಾಗಿ ಕೊಟ್ಟರೆ ಅಡ್ಡಡ್ಡ ಕೊಟ್ಟದ್ದಕ್ಕಿಂತ ಎಷ್ಟೋ ಪಾಲು ಲಾಭ. ಆದರೂ ಕೊನೆಗೆ ಎರಡು ಕೇಬಲ್ಲು, ಎರಡು ಆಂಟೆನಾ, ಜೊತೆಗೆ ಒಂದು ಫಿಲ್ಟರೂ ಬೇಕಾಗುವುದೇ ಹೆಚ್ಚು. ಒಂದು ಡ್ಯುಪ್ಲೆಕ್ಸರ್, ಒಂದು ಕೇಬಲ್, ಒಂದು ಒಳ್ಳೆಯ ಆಂಟೆನಾ: ದುಡ್ಡು ಅಲ್ಲಿ ಹಾಕಿ.

ಇನ್ನು ಆ 50 ವ್ಯಾಟ್. ವಾಹನದ ರೇಡಿಯೊವನ್ನು ಆಗೊಮ್ಮೆ ಈಗೊಮ್ಮೆ ಮಾತನಾಡಲೆಂದು ಮಾಡಿರುತ್ತಾರೆ. ರಿಪೀಟರಿನಲ್ಲಿ ಅದು ಎಡೆಬಿಡದೆ ಹೇಳಬೇಕು. 20–25 ವ್ಯಾಟ್‌ಗೆ ಇಳಿಸಿ, ಶಾಖ ಹೀರುವ ರೆಕ್ಕೆಗಳ ಮೇಲೆ ಒಂದು ಫ್ಯಾನ್ ಕೂರಿಸಿ. ಅರ್ಧಕ್ಕೆ ಇಳಿಸಿದರೂ ಕಳೆದುಕೊಳ್ಳುವುದು 3 ಡೆಸಿಬೆಲ್, ಸಂಕೇತದ ಬಲ ತೋರಿಸುವ ಮಾಪಕದ ಮೇಲೆ ಅರ್ಧ ಎಸ್ ಮನೆ. ದೂರದಲ್ಲಿರುವವರಿಗೆ ಗೊತ್ತೂ ಆಗುವುದಿಲ್ಲ. ರಿಸೀವರ್ ಮಾತ್ರ ನಿಮಗೆ ಕೈಮುಗಿಯುತ್ತದೆ. ನಿಮ್ಮ ಬಳಕೆದಾರರ ಕೈಯಲ್ಲಿರುವುದು 5 ವ್ಯಾಟ್‌ನ ಸೆಟ್. 50 ವ್ಯಾಟ್‌ನ ರಿಪೀಟರ್ ಅವರನ್ನು ತಲುಪುವ ಎಷ್ಟೋ ಜಾಗಗಳಿಂದ ಅವರು ರಿಪೀಟರನ್ನು ತಲುಪಲಾರರು. ಹ್ಯಾಮ್‌ಗಳು, ಅಂದರೆ ಲೈಸೆನ್ಸ್ ಪಡೆದ ಹವ್ಯಾಸಿ ರೇಡಿಯೊದವರು, ಇಂಥ ಯಂತ್ರವನ್ನು ಮೊಸಳೆ ಎನ್ನುತ್ತಾರೆ, ಬಾಯಿ ದೊಡ್ಡದು, ಕಿವಿ ಇಲ್ಲ.

ಪ್ರಶ್ನೆ: ಯುಎಚ್‌ಎಫ್ ರಿಪೀಟರ್ ಕಟ್ಟಿ ನಿಲ್ಲಿಸಿದ್ದೇನೆ. ‘ನಿಮ್ಮ ಫ್ರೀಕ್ವೆನ್ಸಿಗೆ ಹೊಂದಿಸಿದೆ’ ಎಂಬ ಚೀಟಿ ಅಂಟಿಸಿದ ಡ್ಯುಪ್ಲೆಕ್ಸರ್. ಹತ್ತಿರದವರ ಮಾತು ಸ್ಫಟಿಕದಂತೆ ಬರುತ್ತದೆ. ದೂರದವರು ಗುಂಡಿ ಒತ್ತಿದರೆ ರಿಪೀಟರ್ ಎದ್ದೇಳುತ್ತದೆ, ಬೀಳುತ್ತದೆ, ಮತ್ತೆ ಏಳುತ್ತದೆ, ಬೀಳುತ್ತದೆ. ಟೋನ್ ತಪ್ಪಿದೆಯೇ?

ಉತ್ತರ: ಟೋನ್ ಸರಿ ಇದೆ, ಇಲ್ಲವಾದರೆ ಏಳುತ್ತಲೇ ಇರಲಿಲ್ಲ. ಅದು ಎದ್ದ ಕೂಡಲೇ ತನ್ನ ಕಿವಿಯನ್ನು ತಾನೇ ಮುಚ್ಚಿಕೊಳ್ಳುತ್ತಿದೆ. ಸಂಕೇತ ಬಂತು, ಟ್ರಾನ್ಸ್‌ಮಿಟರ್ ಹೊತ್ತಿಕೊಂಡಿತು, ಅದರ ಗದ್ದಲದಲ್ಲಿ ಸಂಕೇತ ಮುಳುಗಿತು, ಟ್ರಾನ್ಸ್‌ಮಿಟರ್ ಆರಿತು, ಸಂಕೇತ ಮತ್ತೆ ತೇಲಿತು. ಡಿಸೆನ್ಸ್‌ನ ಅಚ್ಚೊತ್ತಿದ ಲಕ್ಷಣ.

ಊಹೆ ಮಾಡುತ್ತ ಸ್ಕ್ರೂ ತಿರುಗಿಸಲು ಹೋಗಬೇಡಿ. ಡ್ಯುಪ್ಲೆಕ್ಸರಿನ ಸ್ಕ್ರೂಗಳಿಗೆ ಕೈ ಹಾಕುವುದು ಎಲ್ಲಕ್ಕಿಂತ ಕೊನೆಯ ಕೆಲಸ. ಮೊದಲು ರೋಗ ಎಲ್ಲಿದೆ ಎಂದು ಪತ್ತೆ ಮಾಡಿ.

ಗೆಳೆಯರೊಬ್ಬರನ್ನು ದೂರಕ್ಕೆ ಕಳುಹಿಸಿ, ಅವರ ಮಾತಿನ ಜೊತೆಗೆ ಸ್ವಲ್ಪ ಸಿರ್ ಎಂಬ ಗದ್ದಲವೂ ಕೇಳಿಸುವಂಥ ಜಾಗದಲ್ಲಿ ನಿಲ್ಲಿಸಿ. ರಿಪೀಟರಿನ ಟ್ರಾನ್ಸ್‌ಮಿಟರ್ ತಾನಾಗಿ ಏಳದಂತೆ ಪಿಟಿಟಿ ತಂತಿ ಬಿಚ್ಚಿ. ರಿಸೀವರಿನ ಸ್ಪೀಕರಿಗೆ ಕಿವಿ ಕೊಟ್ಟು, ಅವರು ಒಂದೇ ಸಮನೆ ಎಣಿಸುತ್ತಿರುವಾಗ ನೀವೇ ಕೈಯಿಂದ ಟ್ರಾನ್ಸ್‌ಮಿಟರನ್ನು ಹೊತ್ತಿಸಿ, ಆರಿಸಿ. ಹೊತ್ತಿಸಿದಾಗ ಗದ್ದಲ ಏರಿದರೆ ರೋಗ ಖಚಿತ. ಒಂಚೂರೂ ಬದಲಾಗದಿದ್ದರೆ ನಾನು ಹೇಳಿದ್ದೆಲ್ಲ ಸುಳ್ಳು, ಟ್ರಾನ್ಸ್‌ಮಿಟರನ್ನು ಹೊತ್ತಿಸಿ ಆರಿಸುವ ಕಂಟ್ರೋಲರಿನ ಕಡೆ ಹೋಗಿ.

ಗದ್ದಲ ಏರಿತು ಎನ್ನೋಣ. ಆಂಟೆನಾ ಕೇಬಲ್ ಕಳಚಿ, ಆ ಜಾಗಕ್ಕೆ ಡಮ್ಮಿ ಲೋಡ್, ಅಂದರೆ ಶಕ್ತಿಯನ್ನು ಶಾಖವಾಗಿ ನುಂಗಿಬಿಡುವ ಹುಸಿ ಆಂಟೆನಾ, ಹಾಕಿ. ದುರ್ಬಲ ಸಂಕೇತವನ್ನು ಒಳಬಿಡಲು ನಡುವಿನ ಪಿನ್ನನ್ನು ಕುಳ್ಳಗೆ ಕತ್ತರಿಸಿದ ಟಿ ಆಕಾರದ ಒಂದು ಕನೆಕ್ಟರ್, ಪರೀಕ್ಷೆಯ ಸಂಕೇತ ಹುಟ್ಟಿಸುವ ಒಂದು ಸಿಗ್ನಲ್ ಜನರೇಟರ್ ಬೇಕು. ಮತ್ತೆ ಹೊತ್ತಿಸಿ, ಆರಿಸಿ. ರೋಗ ಮಾಯವಾದರೆ ತಪ್ಪು ಮೇಲಿದೆ: ಕೇಬಲ್, ಆಂಟೆನಾ, ಅಥವಾ ಕಂಬದ ಮೇಲಿನ ತುಕ್ಕು ಹಿಡಿದ ಕ್ಲಾಂಪ್. ಉಳಿದುಕೊಂಡರೆ ತಪ್ಪು ಪೆಟ್ಟಿಗೆಯಲ್ಲಿದೆ. ಆಗ ಟ್ರಾನ್ಸ್‌ಮಿಟರನ್ನು ಡ್ಯುಪ್ಲೆಕ್ಸರಿನಿಂದ ಬಿಡಿಸಿ ಬೇರೆಯೇ ಡಮ್ಮಿ ಲೋಡಿಗೆ ಕೊಡಿ. ಇಷ್ಟಾದರೂ ರೋಗ ಇದ್ದರೆ ಡ್ಯುಪ್ಲೆಕ್ಸರ್ ನಿರಪರಾಧಿ. ಎರಡು ರೇಡಿಯೊಗಳು ತಮ್ಮ ಪೆಟ್ಟಿಗೆಯ ಸಂದುಗಳ ಮೂಲಕ, ಇಲ್ಲವೇ ಒಂದೇ ವಿದ್ಯುತ್ ತಂತಿಯ ಮೂಲಕ ನೇರವಾಗಿ ಮಾತನಾಡಿಕೊಳ್ಳುತ್ತಿವೆ. ಅವನ್ನು ದೂರ ಸರಿಸಿ, ನಡುವೆ ಲೋಹದ ತಗಡು ನಿಲ್ಲಿಸಿ.

ನನ್ನ ಮೇಜಿಗೆ ಬಂದ ಪೆಟ್ಟಿಗೆಗಳಲ್ಲಿ ಹೆಚ್ಚಾಗಿ ಕಂಡ ಅಪರಾಧಿ ಮಾತ್ರ ಇವ್ಯಾವೂ ಅಲ್ಲ, ರೇಡಿಯೊದಿಂದ ಡ್ಯುಪ್ಲೆಕ್ಸರಿಗೆ ಹೋಗುವ ಗೇಣುದ್ದದ ತುಂಡು ಕೇಬಲ್. ಸಾಮಾನ್ಯ ಆರ್‌ಜಿ-58ರ ಹೊರಗವಚದ ತಂತಿ ಹೆಣಿಗೆ ಒಂದೇ ಪದರದ್ದು, ಅದೂ ಸಡಿಲ. ಹೊರಗೆ ಸೋರುತ್ತದೆ, ಪಕ್ಕದ ತುಂಡಿನಲ್ಲಿ ಒಳಗೆ ಇಳಿಯುತ್ತದೆ. ಲಕ್ಷಾಂತರ ಪಟ್ಟು ತಡೆಯುವ ಡ್ಯುಪ್ಲೆಕ್ಸರನ್ನು ಕೊಂಡು ಅದರ ಪಕ್ಕದಲ್ಲೇ ಕಳ್ಳದಾರಿ ತೆರೆದಿಟ್ಟ ಹಾಗೆ ಆಯಿತು. ಎರಡು ಪದರ ಹೆಣಿಗೆಯ ಆರ್‌ಜಿ-400, ಆರ್‌ಜಿ-142 ಅಥವಾ ಆರ್‌ಜಿ-223 ಹಾಕಿ. ಅಡಾಪ್ಟರಿನ ಮೇಲೆ ಅಡಾಪ್ಟರ್ ಪೋಣಿಸಬೇಡಿ, ಬೇಕಾದ ತುದಿಯನ್ನೇ ಕೇಬಲ್ಲಿಗೆ ಹಾಕಿಸಿ. ಒಂದು ಪೆಟ್ಟಿಗೆಯಲ್ಲಿ ಟ್ರಾನ್ಸ್‌ಮಿಟರ್ ಹೊತ್ತಿದ್ದಾಗ ಪ್ರತಿ ಕನೆಕ್ಟರನ್ನೂ ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ತಿರುಚುತ್ತ ಹೋದೆ. ಒಂದರ ಬಳಿ ಸ್ಪೀಕರ್ ಚರಚರ ಎಂದಿತು. ಬಿಚ್ಚಿದರೆ ಹೆಣಿಗೆಗೆ ಬೆಸುಗೆಯೇ ಬಿದ್ದಿರಲಿಲ್ಲ, ತಿರುಪಿನ ಬಿಗಿಗೆ ಸುಮ್ಮನೆ ಒತ್ತಿಕೊಂಡಿತ್ತು. ಅದರ ಒಡೆಯರು ಅಷ್ಟರಲ್ಲಿ ಎರಡನೆಯ ಡ್ಯುಪ್ಲೆಕ್ಸರಿಗೆ ಹಣ ಕಟ್ಟಿಯಾಗಿತ್ತು.

ಎಲ್ಲ ದಾಟಿಯೂ ರೋಗ ನಿಂತರೆ ಡ್ಯುಪ್ಲೆಕ್ಸರನ್ನು ಅಳೆಯಿರಿ. ಚೀಟಿಯನ್ನು ನಂಬಬೇಡಿ; ಸಾಗಣೆಯ ಕುಲುಕಾಟಕ್ಕೂ ಸ್ಕ್ರೂ ಅಲುಗುತ್ತದೆ. ಕೈಗೆಟಕುವ ಸಣ್ಣ ಅಳತೆಯಂತ್ರವಾದ ನ್ಯಾನೊವಿಎನ್‌ಎ ಇದಕ್ಕೆ ಬಳಕೆಗೆ ಬರುತ್ತದೆ. ಆದರೆ ಯುಎಚ್‌ಎಫ್‌ನಲ್ಲಿ ಅದರ ಸ್ವಂತ ಗದ್ದಲದ ನೆಲ ಡ್ಯುಪ್ಲೆಕ್ಸರ್ ಒಂದು ಫ್ರೀಕ್ವೆನ್ಸಿಯನ್ನು ಅದುಮುವ ತಗ್ಗಿನಷ್ಟು ಆಳ ಇರುವುದಿಲ್ಲ. ತಗ್ಗು ಎಲ್ಲಿದೆ ಎಂದು ಅದು ತೋರಿಸುತ್ತದೆ, ಎಷ್ಟು ಆಳ ಎಂದು ಹೇಳಿದರೆ ಪೂರ್ತಿ ನಂಬಬೇಡಿ.

ಪ್ರಶ್ನೆ: ಎಸ್‌ಡಬ್ಲ್ಯುಆರ್ ಮೀಟರ್ 1.2 ತೋರಿಸುತ್ತಿದೆ, ಅಂದರೆ ಆಂಟೆನಾ ಚೆನ್ನಾಗಿದೆ. ಆದರೂ ವ್ಯಾಪ್ತಿ ತೀರಾ ಕಡಿಮೆ. ಯುಎಚ್‌ಎಫ್, ಸುಮಾರು 30 ಮೀಟರ್ ಆರ್‌ಜಿ-58 ಕೇಬಲ್. ಲೀನಿಯರ್ ಆಂಪ್ಲಿಫೈಯರ್ ಕೊಳ್ಳಲೇ?

ಉತ್ತರ: ಕೊಳ್ಳಬೇಡಿ. ಎಸ್‌ಡಬ್ಲ್ಯುಆರ್ ಎಂದರೆ ಕಳುಹಿಸಿದ್ದರಲ್ಲಿ ಎಷ್ಟು ಹಿಂದಿರುಗಿತು ಎಂಬುದರ ಅಳತೆ, 1ಕ್ಕೆ ಹತ್ತಿರವಾದಷ್ಟೂ ಹಿಂದಿರುಗಿದ್ದು ಕಡಿಮೆ. ಆಂಟೆನಾ ಅನಲೈಸರ್ ಯಾರ ಬಳಿಯಾದರೂ ಇದ್ದರೆ ತನ್ನಿ. ಮೇಲೆ ಹೋಗಿ ಆಂಟೆನಾವನ್ನು ಕೇಬಲ್ಲಿನಿಂದ ಪೂರ್ತಿ ಕಳಚಿ, ಕೆಳಗೆ ಬಂದು ಮತ್ತೆ ಅಳೆಯಿರಿ. ಆಗಲೂ ಹತ್ತಿರಹತ್ತಿರ 1.2 ಬರುತ್ತದೆ, ಪಂಥ. ರೇಡಿಯೊವನ್ನೇ ಹೊತ್ತಿಸಿ ಈ ಪ್ರಯೋಗ ಮಾಡಬೇಡಿ, ಅನಲೈಸರಿನಲ್ಲೇ ಮಾಡಿ.

450 ಮೆಗಾಹರ್ಟ್ಸ್‌ನಲ್ಲಿ ಆ ಕೇಬಲ್ 30 ಮೀಟರಿಗೆ ಸುಮಾರು 10 ಡೆಸಿಬೆಲ್ ತಿನ್ನುತ್ತದೆ. ಹೋದದ್ದರಲ್ಲಿ ಹತ್ತರಲ್ಲೊಂದು ಪಾಲು ಮೇಲೆ ಮುಟ್ಟುತ್ತದೆ. ಆಂಟೆನಾ ಇಲ್ಲದೆ ಪೂರ್ತಿ ಹಿಂದಿರುಗಿತು ಎಂದರೂ ಇಳಿಯುವಾಗ ಮತ್ತೆ ಹತ್ತರಲ್ಲೊಂದು. ನೂರು ಕಳುಹಿಸಿದರೆ ವಾಪಸು ಬಂದದ್ದು ಒಂದು. ಮೀಟರಿಗೆ ಅದು 1.2 ಎಂದು ಕಾಣುತ್ತದೆ. ನಿಮ್ಮ ಮೀಟರ್ ಅಳೆಯುತ್ತಿರುವುದು ಕೇಬಲ್ಲಿನ ಹಸಿವನ್ನು.

ನೀವು 50 ವ್ಯಾಟ್ ಹಾಕಿದರೆ ಮೇಲೆ ತಲುಪುವಾಗ 5 ವ್ಯಾಟ್. ಆಂಪ್ಲಿಫೈಯರ್ ಹಾಕಿ ಅದನ್ನು ಏರಿಸಬಹುದು. ಆದರೆ ಮೇಲಿನಿಂದ ಇಳಿದು ಬರುವ ದುರ್ಬಲ ಸಂಕೇತದಲ್ಲೂ ಹತ್ತರಲ್ಲಿ ಒಂಬತ್ತು ಪಾಲನ್ನು ಅದೇ ಕೇಬಲ್ ತಿಂದಿರುತ್ತದಲ್ಲ, ಅದಕ್ಕೆ ಯಾವ ಆಂಪ್ಲಿಫೈಯರ್ ಇದೆ? ಎಲ್‌ಎಂಆರ್-400 ದರ್ಜೆಯ ಕೇಬಲ್ ಅಷ್ಟೇ ಉದ್ದಕ್ಕೆ 2.7 ಡೆಸಿಬೆಲ್‌ನ ಆಸುಪಾಸಿನಲ್ಲಿ ತಿನ್ನುತ್ತದೆ, ಅರ್ಧಕ್ಕಿಂತ ಹೆಚ್ಚು ಮೇಲೆ ಮುಟ್ಟುತ್ತದೆ. ರಿಪೀಟರಿಗೆ ಒಂದೇ ಕೇಬಲ್ಲಿನಲ್ಲಿ ಹೇಳುವುದೂ ಕೇಳುವುದೂ ಒಟ್ಟಿಗೆ ನಡೆಯುವುದಾದರೆ ಅದರಲ್ಲೂ ಒಂದು ಕೊಂಕಿದೆ: ಅಲ್ಯುಮಿನಿಯಂ ಹಾಳೆಯ ಮೇಲೆ ತವರ ಲೇಪಿಸಿದ ತಾಮ್ರದ ಹೆಣಿಗೆ ಉಜ್ಜಿಕೊಂಡು ಕಾಲಾಂತರದಲ್ಲಿ ಗದ್ದಲ ಹುಟ್ಟಿಸುತ್ತದೆ. ಅಂಥ ಕಡೆ ಒಂದೇ ಗಟ್ಟಿ ತಾಮ್ರದ ಕವಚದ ಹೆಲಿಯಾಕ್ಸ್ ಬಗೆಯ ಕೇಬಲ್ ಹಾಕುವುದು ಕ್ಷೇಮ. ಹಳೆಯದಾದರೂ ಪರವಾಗಿಲ್ಲ, ತುದಿಗಳಲ್ಲಿ ನೀರು ಇಳಿದಿರಬಾರದು.

ಎತ್ತರದ ಲೆಕ್ಕವನ್ನೂ ಕೊಟ್ಟುಬಿಡುತ್ತೇನೆ. ಆಂಟೆನಾದ ಎತ್ತರ ಮೀಟರಿನಲ್ಲಿ ಎಷ್ಟೋ ಅದರ ವರ್ಗಮೂಲವನ್ನು 4.12ರಿಂದ ಗುಣಿಸಿದರೆ ರೇಡಿಯೊ ದಿಗಂತ ಕಿಲೋಮೀಟರಿನಲ್ಲಿ ಬರುತ್ತದೆ. 10 ಮೀಟರಿಗೆ 13 ಕಿಲೋಮೀಟರ್, 30 ಮೀಟರಿಗೆ 22 ಚಿಲ್ಲರೆ, 100 ಮೀಟರಿಗೆ 41. ವಾಕಿಟಾಕಿ ಹಿಡಿದು ನಿಂತವನ ಪಾಲಿನ 5 ಕಿಲೋಮೀಟರನ್ನು ಕೂಡಿಸಿಕೊಳ್ಳಿ. ಇದು ಬಯಲಿನ ಲೆಕ್ಕ. ನಡುವೆ ಗುಡ್ಡ ಬಂದರೆ ಗುಡ್ಡದ್ದೇ ಕೊನೆಯ ಮಾತು. ಈ ಸೂತ್ರದಲ್ಲಿ ವ್ಯಾಟ್ ಎಲ್ಲಿಯೂ ಇಲ್ಲ ಎಂಬುದನ್ನು ಗಮನಿಸಿ.

ಪ್ರಶ್ನೆ: ನನ್ನ ರಿಪೀಟರಿನ ದನಿ ತಗಡಿನ ಡಬ್ಬದೊಳಗಿಂದ ಬಂದಂತಿದೆ. ಜೊತೆಗೆ ಸಣ್ಣ ಗುಂಯ್ ಎಂಬ ಸದ್ದು ಹಿಂಬಾಲಿಸುತ್ತದೆ.

ಉತ್ತರ: ಎಫ್‌ಎಂ ರೇಡಿಯೊಗಳು ಹೇಳುವಾಗ ಎತ್ತರದ ಸ್ವರಗಳನ್ನು ಏರಿಸಿ ಕಳುಹಿಸುತ್ತವೆ, ಕೇಳುವಾಗ ಅಷ್ಟೇ ಇಳಿಸುತ್ತವೆ. ನೀವು ರಿಸೀವರಿನಲ್ಲಿ ಅಲೆಯಿಂದ ದನಿ ಬಿಡಿಸುವ ಡಿಸ್ಕ್ರಿಮಿನೇಟರಿನಿಂದ ನೇರವಾಗಿ ದನಿ ತೆಗೆದು ಟ್ರಾನ್ಸ್‌ಮಿಟರಿನ ಮೈಕ್ ತೂತಿಗೆ ಕೊಟ್ಟಿದ್ದೀರಿ. ಇಳಿಸುವ ಕೆಲಸ ಆಗಲೇ ಇಲ್ಲ, ಏರಿಸುವ ಕೆಲಸ ಎರಡು ಸಲ ಆಯಿತು. ಸ್ಪೀಕರ್ ಬದಿಯ ದನಿಯನ್ನು ಮೈಕ್‌ಗೆ ಕೊಡಿ, ಇಲ್ಲವೇ ಡಿಸ್ಕ್ರಿಮಿನೇಟರಿನ ದನಿಯನ್ನು, ಏರಿಸದೆ ಹಾಗೇ ಕಳುಹಿಸುವ ಡೇಟಾ ಕಿಂಡಿಗೆ ಕೊಡಿ. ಅಡ್ಡಾದಿಡ್ಡಿ ಜೋಡಿ ಬೇಡ. ಸ್ಪೀಕರಿನಿಂದ ಡೇಟಾ ಕಿಂಡಿಗೆ ಕೊಟ್ಟರೆ ಕಂಬಳಿ ಹೊದ್ದು ಮಾತನಾಡಿದ ಹಾಗೆ ಆಗುತ್ತದೆ.

ಗುಂಯ್ ಎನ್ನುವುದು ಬಂದವರ ಟೋನ್. ಡಿಸ್ಕ್ರಿಮಿನೇಟರಿನಲ್ಲಿ ಅದನ್ನು ಯಾರೂ ಸೋಸಿರುವುದಿಲ್ಲ. 300 ಹರ್ಟ್ಸ್‌ನ ಕೆಳಗಿನದನ್ನು ಕತ್ತರಿಸುವ ಫಿಲ್ಟರ್ ನಡುವೆ ಹಾಕಿ.

ಪ್ರಶ್ನೆ: ಜೋರಾಗಿ ಮಾತನಾಡಿದಾಗ ಮಾತ್ರ ನನ್ನ ದನಿ ರಿಪೀಟರಿನಲ್ಲಿ ತುಂಡುತುಂಡಾಗುತ್ತದೆ.

ಉತ್ತರ: ರಿಪೀಟರ್ 12.5 ಕಿಲೊಹರ್ಟ್ಸ್‌ನ ಕಿರಿದಾರಿಯದು, ನಿಮ್ಮ ಸೆಟ್ಟು 25ರ ಅಗಲದಾರಿಯಲ್ಲಿದೆ. ಮೆನುವಿನಲ್ಲಿ ‘ನ್ಯಾರೊ’ ಮಾಡಿ. ತಿರುಗಾಮುರುಗಾ ಆಗಿದ್ದರೆ ದನಿ ಒಡೆಯುವ ಬದಲು ತೀರಾ ಮೆಲ್ಲಗೆ ಕೇಳಿಸುತ್ತಿತ್ತು. ಮೈಕನ್ನು ತುಟಿಗೆ ಅಂಟಿಸಿಕೊಳ್ಳುವವರಾದರೆ ನಾಲ್ಕು ಬೆರಳು ದೂರ ಹಿಡಿಯಿರಿ.

ಪ್ರಶ್ನೆ: ಟೋನ್ ಹಾಕಿಕೊಂಡರೆ ನಮ್ಮ ಮಾತು ಗುಟ್ಟಾಗಿ ಉಳಿಯುತ್ತದೆಯೇ?

ಉತ್ತರ: ಇಲ್ಲ. ಟೋನ್ ನಿಮಗೆ ಬೇರೆಯವರ ಮಾತು ಕೇಳಿಸದಂತೆ ಮಾಡುತ್ತದೆ. ನಿಮ್ಮ ಮಾತು ಎಲ್ಲರಿಗೂ ಕೇಳಿಸುತ್ತಲೇ ಇರುತ್ತದೆ.

ಪ್ರಶ್ನೆ: ಲೈಸೆನ್ಸ್ ಇಲ್ಲದ ಆಟದ ವಾಕಿಟಾಕಿಗಳನ್ನು ರಿಪೀಟರಿಗೆ ಜೋಡಿಸಬಹುದೇ?

ಉತ್ತರ: ಆಗದು, ಆಗಲೂಬಾರದು. ಯುರೋಪಿನ ಪಿಎಂಆರ್446 ಅರ್ಧ ವ್ಯಾಟ್‌ನದು, ಕಳಚಲಾಗದ ಆಂಟೆನಾದ್ದು. ಅಮೆರಿಕದ ಎಫ್‌ಆರ್‌ಎಸ್‌ನಲ್ಲಿ ರಿಪೀಟರಿಗೆ ಅನುಮತಿಯೇ ಇಲ್ಲ. ಅಲ್ಲಿ ಮನೆಮಂದಿಗೆ ರಿಪೀಟರ್ ಬೇಕೆಂದರೆ ಜಿಎಂಆರ್‌ಎಸ್ ಎಂಬ ಬೇರೆ ಸೇವೆ ಇದೆ: ಪರೀಕ್ಷೆ ಇಲ್ಲದ ಲೈಸೆನ್ಸ್, ಅವಧಿ 10 ವರ್ಷ, 462.550ರಿಂದ 462.725ರವರೆಗೆ ಎಂಟು ಹೇಳುವ ಚಾನೆಲ್, ಅವುಗಳ 5 ಮೆಗಾಹರ್ಟ್ಸ್ ಮೇಲೆ ಎಂಟು ಕೇಳುವ ಚಾನೆಲ್, ಮಿತಿ 50 ವ್ಯಾಟ್. ಉಳಿದೆಡೆ ಸಾಮಾನ್ಯವಾಗಿ ಪರೀಕ್ಷೆ ಬರೆದು ಹ್ಯಾಮ್ ಆಗುವುದೇ ದಾರಿ. ರಿಪೀಟರ್ ನಿಲ್ಲಿಸಲು ಎಷ್ಟೋ ದೇಶಗಳಲ್ಲಿ ಅದರ ಮೇಲೆ ಪ್ರತ್ಯೇಕ ಅನುಮತಿಯೂ ಬೇಕು. ನಿಮ್ಮ ದೇಶದ ನಿಯಮವನ್ನು ಮೊದಲು ಓದಿ, ಆಮೇಲೆ ಪೆಟ್ಟಿಗೆ ಬಿಚ್ಚಿ.

ಪ್ರಶ್ನೆ: ಒಂದೇ ಜಾಗದಲ್ಲಿ ನಿಂತು ಮಾತನಾಡುವಾಗ ಸಂಕೇತ ಒಮ್ಮೆ ಬರುತ್ತದೆ, ಒಮ್ಮೆ ಹೋಗುತ್ತದೆ. ಬ್ಯಾಟರಿಯೇ?

ಉತ್ತರ: ಗುಂಡಿ ಒತ್ತಿದಾಗ ಪರದೆ ಮಂಕಾದರೆ ಬ್ಯಾಟರಿ. ಇಲ್ಲವಾದರೆ ಒಂದು ಹೆಜ್ಜೆ ಪಕ್ಕಕ್ಕೆ ಸರಿಯಿರಿ. ಗೋಡೆ, ಗುಡ್ಡಗಳಿಗೆ ಬಡಿದು ಬಂದ ಅಲೆಗಳು ಒಂದನ್ನೊಂದು ಅಳಿಸುವ ಕುರುಡು ಜಾಗಗಳು ಯುಎಚ್‌ಎಫ್‌ನಲ್ಲಿ ಮೊಳ ಮೊಳಕ್ಕೆ ಸಿಗುತ್ತವೆ. ಸೆಟ್ಟನ್ನು ನೆಟ್ಟಗೆ ಹಿಡಿಯಿರಿ. ಅಡ್ಡ ಮಲಗಿಸಿ ಮಾತನಾಡುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ರಿಪೀಟರಿನ ಆಂಟೆನಾ ನೆಟ್ಟಗೆ ನಿಂತಿದೆ, ನಿಮ್ಮದೂ ನಿಲ್ಲಲಿ. ಸೊಂಟಕ್ಕೆ ಸಿಕ್ಕಿಸಿಕೊಂಡರೆ ಬಹಳಷ್ಟು ಶಕ್ತಿ ಮೈಗೇ ಹೋಯಿತು.

ಪ್ರಶ್ನೆ: ರಾತ್ರಿ ಯಾರೂ ಇಲ್ಲದಾಗ ನನ್ನ ರಿಪೀಟರ್ ತಾನೇ ಎದ್ದು, ಗಂಟೆಗಟ್ಟಲೆ ಗರಗರ ಎನ್ನುತ್ತ, ಹೊತ್ತಿ ಆರುತ್ತ ಇರುತ್ತದೆ. ಬೆಳಿಗ್ಗೆ ಮುಟ್ಟಿದರೆ ರೇಡಿಯೊ ಕೆಂಡ.

ಉತ್ತರ: ಅದು ತನ್ನ ಮಾತನ್ನು ತಾನೇ ಕೇಳಿಸಿಕೊಳ್ಳುತ್ತಿದೆ. ಹೊರಗಿನ ಯಾವುದೋ ಕ್ಷಣಿಕ ಸಂಕೇತ ಎಬ್ಬಿಸುತ್ತದೆ, ಆಮೇಲೆ ತನ್ನ ಟ್ರಾನ್ಸ್‌ಮಿಟರಿನ ಗದ್ದಲವೇ ರಿಸೀವರನ್ನು ತೆರೆದಿಡುತ್ತದೆ. ಮೊದಲು ರಿಸೀವರಿನ ದನಿಗೆ ಬಾಗಿಲಾದ ಸ್ಕ್ವೆಲ್ಚ್ ನೋಡಿ: ಟೋನ್ ಇಲ್ಲದೆ ಬರಿಯ ಅಲೆಗೆ ಏಳುವಂತೆ ಬಿಟ್ಟಿದ್ದರೆ ಅದನ್ನು ಮುಚ್ಚಿ. ಒಳಬರುವುದಕ್ಕೂ ಹೊರಹೋಗುವುದಕ್ಕೂ ಒಂದೇ ಟೋನ್ ಇಟ್ಟಿದ್ದರೆ ಬೇರೆ ಬೇರೆ ಮಾಡಿ. ತನ್ನ ಟೋನ್ ತನಗೇ ಮರಳಿ ಬಂದರೂ ಆಗ ಏಳುವುದಿಲ್ಲ. ಆ ಮೇಲೆ ಮೇಲಿನ ಡಿಸೆನ್ಸ್ ಪರೀಕ್ಷೆ.

ಎದ್ದೇಳಿಸುವ ಹೊರಗಿನ ಸಂಕೇತ ಯಾವುದೆಂದು ತಿಳಿಯಲು ನಿಮ್ಮ ವಾಕಿಟಾಕಿಯ ‘ರಿವರ್ಸ್’ ಗುಂಡಿ ಬಳಸಿ. ಅದು ರಿಪೀಟರಿನ ಕಿವಿಯ ಫ್ರೀಕ್ವೆನ್ಸಿಯನ್ನೇ ನಿಮಗೆ ಕೇಳಿಸುತ್ತದೆ. ಅಗ್ಗದ ಬಲ್ಬಿನ ಚಾಲಕವೋ, ಮೊಬೈಲ್ ಚಾರ್ಜರೋ ಅಲ್ಲಿ ಗೊಣಗುತ್ತಿರುವುದು ಅಪರೂಪವಲ್ಲ.

ಅಲ್ಲಿಯವರೆಗೆ, ಒಂದೇ ಸಮನೆ ಹೇಳುವುದಕ್ಕೆ ಮಿತಿ ಹಾಕುವ ಟೈಮ್-ಔಟ್ ಟೈಮರನ್ನು 3 ನಿಮಿಷಕ್ಕೆ ಇಡಿ. ಹೊತ್ತಿ ಆರುವ ನಿಮ್ಮಂಥ ರೋಗಕ್ಕೆ ಅದೊಂದೇ ಸಾಲದು, ಪ್ರತಿ ಸಲ ಆರಿದಾಗಲೂ ಅದು ಮತ್ತೆ ಸೊನ್ನೆಯಿಂದ ಎಣಿಸುತ್ತದೆ. ದೂರದಿಂದ ಬಂದ್ ಮಾಡಲು ಫೋನಿನ ಕೀಲಿಗಳಂತೆ ಒತ್ತಿ ಕಳುಹಿಸುವ ಡಿಟಿಎಂಎಫ್ ಸ್ವರಸಂಕೇತವೊಂದನ್ನು ಕಂಟ್ರೋಲರಿಗೆ ಕಲಿಸಿ, ಮನೆಯಲ್ಲಿ ಇನ್ನೊಬ್ಬರಿಗಾದರೂ ಅದು ಗೊತ್ತಿರಲಿ. ಪೆಟ್ಟಿಗೆಯ ಮೇಲೆ ಬರೆದು ಅಂಟಿಸಬೇಡಿ.